ಮಿಲಿಟರಿ ಪಿನ್ನು ಮತ್ತು ನನ್ನ ಷಡ್ಡಕ

ಹೆಚ್ಚಿದ ನಿಂಬೆಹಣ್ಣಿನ ವಾಸನೆ ಮೂಗಿಗೆ ಬಿದ್ದರೆ ಬೇರೆಯವರಿಗೆ ಚಿತ್ರಾನ್ನ ನೆನಪಾಗುತ್ತದೆ, ನನಗೆ ಷಡ್ಡಕ ನೆನಪಾಗುತ್ತಾನೆ. ಮೊನ್ನೆ ಆಯುಧಪೂಜೆಯ ಸಾಮಾನು ತರಲು ಶಿವಮೊಗ್ಗದ ಗಾಂಧಿ ಬಜಾರಿಗೆ ಹೋಗಿದ್ದೆ. ಬೂದುಗುಂಬಳಕಾಯಿಯ ರಾಶಿಯ ಪಕ್ಕದಲ್ಲಿ ಒಬ್ಬ ನಿಂಬೆಹಣ್ಣು ಮಾರುತ್ತಿದ್ದ. ರಸ ಎಷ್ಟಿದೆ ಎಂದು ತೋರಿಸಲು ಒಂದನ್ನು ಕೊಯ್ದು ನನ್ನ ಮುಖದ ಹತ್ತಿರ ಹಿಡಿದು, "ತಗೊಳ್ಳಿ ಸಾರ್, ಮೆಷಿನ್ನಿಗೂ ಆಗುತ್ತೆ, ಗಾಡಿಗೂ ಆಗುತ್ತೆ" ಎಂದ. ಗಾಡಿಗೆ ಸಾಕು, ಮೆಷಿನ್ನಿಗೆ ಬೇಡ ಎಂದೆ. ನನ್ನನ್ನು ನಾಸ್ತಿಕ ಎಂದುಕೊಂಡನೋ ಏನೋ, ಒಂದು ಥರ ನೋಡಿದ. ನಾನು ನಾಸ್ತಿಕನಲ್ಲ, ಬರೀ ಹೊಟ್ಟೆಕಿಚ್ಚಿನವನು. ಅದು ಶುರುವಾದದ್ದು ಕೆಲವು ವರ್ಷಗಳ ಹಿಂದಿನ ಒಂದು ಮಳೆಗಾಲದಲ್ಲಿ, ಸರ್ಕಾರದ ಒಂದು ಯೋಜನೆಯಿಂದ.

ಷಡ್ಡಕ ಎಂದರೆ ರುದ್ರೇಶ, ನನ್ನ ಹೆಂಡತಿ ಸುಮಾಳ ತಂಗಿ ರೇಖಾಳ ಗಂಡ. ಷಡ್ಡಕರ ನಡುವೆ ಪ್ರೀತಿ ಇರಬಾರದೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಆದರೆ ಮಾವನ ಮನೆಯಲ್ಲಿ ಇಬ್ಬರು ಅಳಿಯಂದಿರು ಒಂದೇ ಪಂಕ್ತಿಯಲ್ಲಿ ಕೂತರೆ ಯಾರ ಎಲೆಗೆ ತುಪ್ಪ ಮೊದಲು ಬಿತ್ತು ಎಂದು ಇಬ್ಬರೂ ನೋಡಿಯೇ ನೋಡುತ್ತಾರೆ. ಆ ವರ್ಷದವರೆಗೆ ಹೊಳಲೂರಿನ ಮಾವನ ಮನೆಯಲ್ಲಿ ತುಪ್ಪ ಮೊದಲು ಬೀಳುತ್ತಿದ್ದದ್ದು ನನ್ನ ಎಲೆಗೆ. ನಾನು ಹಿರಿ ಅಳಿಯ. ಶಿವಮೊಗ್ಗದ ಸಾಗರ ರಸ್ತೆಯಲ್ಲಿ ನನ್ನದು ಸ್ವಂತ ವರ್ಕ್‌ಶಾಪು. ಅಡಿಕೆ ಸುಲಿಯುವ ಯಂತ್ರಗಳಿಗೆ ಶಾಫ್ಟು, ರೋಲರು ಮಾಡಿಕೊಡುತ್ತೇನೆ. ರುದ್ರೇಶ ಭದ್ರಾವತಿಯವನು. ನ್ಯೂ ಟೌನಿನ ಆಚೆ ಬಾಡಿಗೆಯ ಷೆಡ್ಡು, ಎರಡು ಹಳೆಯ ಲೇತು. ಉಕ್ಕಿನ ಕಾರ್ಖಾನೆಯ ಚಿಲ್ಲರೆ ಕೆಲಸ ನಂಬಿಕೊಂಡು ಬದುಕುತ್ತಿದ್ದವನು. ಆ ಕೆಲಸ ಕಡಿಮೆಯಾಗುತ್ತಾ ಬಂದಂತೆ ಅವನ ಮುಖ ಚಿಕ್ಕದಾಗುತ್ತಿತ್ತು. ಅವನನ್ನು ಕಂಡರೆ ನನಗೆ ತುಂಬಾ ಕನಿಕರವಿತ್ತು. ಕನಿಕರ ಹಿತವಾದ ಭಾವನೆ. ಅದು ಇದ್ದಷ್ಟು ಕಾಲ ನಾವು ಅಣ್ಣತಮ್ಮಂದಿರ ಹಾಗೆ ಇದ್ದೆವು.

ಮಳೆ ಹಿಡಿದ ಹೊಸದರಲ್ಲಿ ಶಿವಮೊಗ್ಗದಲ್ಲಿ ಒಂದು ಸಭೆ ನಡೆಯಿತು. ಸಣ್ಣ ಕೈಗಾರಿಕೆಯವರನ್ನು ರಕ್ಷಣಾ ಇಲಾಖೆಯ ಪೂರೈಕೆ ಸರಪಳಿಗೆ ಸೇರಿಸುವ ಯೋಜನೆಯಂತೆ, ಬೆಂಗಳೂರಿನಿಂದ ಅಧಿಕಾರಿ ಬರುತ್ತಾರಂತೆ, ಉಪ್ಪಿಟ್ಟು ಕೇಸರಿಬಾತು ಇರುತ್ತದಂತೆ. ನನಗೆ ಒಬ್ಬನೇ ಹೋಗಲು ಬೇಜಾರು. ರುದ್ರೇಶನಿಗೆ ಫೋನ್ ಮಾಡಿ, "ಬಾ ಮಾರಾಯ, ಕೆಲಸ ಇಲ್ದೆ ಕೂತಿದೀಯ, ತಿಂಡಿಯಾದ್ರೂ ಆಗುತ್ತೆ" ಎಂದೆ. ಅವನಿಗೆ ಬಸ್ಸಿನ ತೊಂದರೆ ಬೇಡವೆಂದು ನಾನೇ ಭದ್ರಾವತಿಗೆ ಹೋಗಿ ಕಾರಿನಲ್ಲಿ ಕರೆದುಕೊಂಡು ಬಂದೆ. ಈ ಮಾತನ್ನು ನಾನು ಆಮೇಲೆ ಎಷ್ಟು ಜನರ ಮುಂದೆ ಹೇಳಿದ್ದೇನೋ ಲೆಕ್ಕವಿಲ್ಲ.

ಅಧಿಕಾರಿ ಪರದೆಯ ಮೇಲೆ ಟ್ಯಾಂಕು, ವಿಮಾನ, ಹಡಗುಗಳ ಚಿತ್ರ ತೋರಿಸಿದರು. ವಿಷಯ ಸರಳವಾಗಿತ್ತು. ಹೊಸ ಯಂತ್ರಕ್ಕೆ, ಅಳತೆಯ ಉಪಕರಣಕ್ಕೆ, ಗುಣಮಟ್ಟದ ಸರ್ಟಿಫಿಕೇಟಿಗೆ, ಲ್ಯಾಬಿನ ಪರೀಕ್ಷೆಗೆ ಆಗುವ ಖರ್ಚಿನಲ್ಲಿ ದೊಡ್ಡ ಪಾಲು ಸರ್ಕಾರದ್ದು. ಷರತ್ತು ಒಂದೇ. ಮಿಲಿಟರಿಗೆ ಮಾಲು ಕೊಡುವ ದೊಡ್ಡ ಕಂಪನಿಯೊಂದು ನಾವು ಮಾಡಿಕೊಟ್ಟ ನಮೂನೆಯನ್ನು ನೋಡಿ, ಇವರಿಂದ ಕೊಳ್ಳುತ್ತೇವೆ ಎಂದು ಒಪ್ಪಬೇಕು. ಕಂಪನಿ ಒಪ್ಪಿದರೆ ಯಂತ್ರ ಬಂದಂತೆ, ಒಪ್ಪದಿದ್ದರೆ ಉಪ್ಪಿಟ್ಟು ತಿಂದದ್ದೇ ಲಾಭ.

ರುದ್ರೇಶ ಎದ್ದು ನಿಂತು ಕೇಳಿದ: "ಸಾರ್, ಸರಪಳಿ ಅಂದ್ರಲ್ಲ, ನಾವು ಅದರಲ್ಲಿ ಎಲ್ಲಿ ಬರ್ತೀವಿ?"

ಹಿಂದೆ ಕೂತವರು ಕಿಸಕ್ಕೆಂದರು. ಅವನನ್ನು ಕರೆದುಕೊಂಡು ಬಂದದ್ದಕ್ಕೆ ನನಗೇ ನಾಚಿಕೆಯಾಯಿತು. ಅದನ್ನು ಮುಚ್ಚಲು ನಾನೊಂದು ಜೋಕ್ ಹೊಡೆದೆ. "ಸಾರ್, ನಾವು ಅಡಿಕೆ ಸುಲಿಯೋ ಜನ. ಟ್ಯಾಂಕ್ ಕೊಟ್ರೆ ಅದನ್ನೂ ಸುಲಿದು ಕೊಡ್ತೀವಿ" ಎಂದೆ. ಸಭೆಯೆಲ್ಲ ನಕ್ಕಿತು, ಅಧಿಕಾರಿಯೂ ನಕ್ಕರು. ಆದರೆ ನಕ್ಕು ಮುಗಿದ ಮೇಲೆ ಅವರು ನನ್ನನ್ನು ಬಿಟ್ಟು ರುದ್ರೇಶನ ಪ್ರಶ್ನೆಗೆ ಬಹಳ ಹೊತ್ತು ಉತ್ತರ ಕೊಟ್ಟರು.

ಸಭೆ ಮುಗಿದು ಅವನನ್ನು ಭದ್ರಾವತಿಗೆ ಬಿಡಲು ಹೋಗುವಾಗ ಮಾಚೇನಹಳ್ಳಿ ದಾಟಿದ್ದೆವು. ಮಳೆಗೆ ವೈಪರ್ ಹಾಕಿಕೊಂಡು ನಿಧಾನ ಓಡಿಸುತ್ತಿದ್ದೆ. "ಅಣ್ಣ, ನಾವೂ ಅರ್ಜಿ ಹಾಕೋಣ" ಎಂದ. "ಹಾಕು, ಬೇಡ ಅಂದೋರ್ಯಾರು" ಎಂದೆ. ಅವನು ಹಾಕಿದ. ಅವನು ಹಾಕಿದನೆಂದು ನಾನೂ ಹಾಕಿದೆ.

ಷೆಡ್ಡು ನೋಡಲು ಅಧಿಕಾರಿಗಳು ಬಂದದ್ದು ಶ್ರಾವಣದಲ್ಲಿ. ಮೊದಲು ಭದ್ರಾವತಿಗೆ ಹೋಗಿ ಆಮೇಲೆ ನನ್ನಲ್ಲಿಗೆ ಬಂದರು. ನನ್ನಲ್ಲಿ ಐದು ಲೇತು, ಒಂದು ಗ್ರೈಂಡಿಂಗ್ ಮೆಷಿನ್ನು, ಒಳ್ಳೆಯ ಟರ್ನರು ಗೋವಿಂದಪ್ಪ. ಎಲ್ಲ ತೋರಿಸಿದೆ. ಅವರು ನೆಲದ ಮೇಲಿನ ಎಣ್ಣೆ ತುಳಿಯದಂತೆ ಪ್ಯಾಂಟು ಎತ್ತಿಕೊಂಡು ನಡೆದರು. ಹೊರಡುವಾಗ ಒಬ್ಬರು, "ಭದ್ರಾವತಿಯಲ್ಲಿ ಒಂದು ಷೆಡ್ ನೋಡಿದ್ವಿ. ಚಿಕ್ಕದು, ಆದ್ರೆ ಎಷ್ಟು ಚೊಕ್ಕ ಇಟ್ಕೊಂಡಿದಾರೆ. ಒಂದ್ಸಲ ಹೋಗಿ ನೋಡಿ" ಎಂದರು. ಯಾರ ಷೆಡ್ಡು ಎಂದು ನಾನು ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ. ಎರಡು ಲೇತಿನವನಿಗೆ ಗುಡಿಸುವುದಕ್ಕೆ ಪುರುಸೊತ್ತು ಇರುತ್ತದೆ, ಕೆಲಸ ಇರುವವನ ಷೆಡ್ಡಿನಲ್ಲಿ ಎಣ್ಣೆ ಇರುತ್ತದೆ ಎಂದು ಅವತ್ತು ಸಂಜೆ ಸುಮಾಗೆ ವಿವರಿಸಿದೆ. ಅವಳು ಬೀನ್ಸ್ ಸೋಸುತ್ತಾ, "ನಿಮ್ಮ ಷೆಡ್ಡು ಗಲೀಜೇ ಅಲ್ವಾ" ಎಂದಳು.

ಜಿಲ್ಲೆಯಿಂದ ಕೊನೆಗೆ ಉಳಿದದ್ದು ನಾವಿಬ್ಬರೇ. ಮಿಲಿಟರಿಗೆ ಮಾಲು ಕೊಡುವ ಬೆಂಗಳೂರಿನ ಒಂದು ಕಂಪನಿ ಇಬ್ಬರಿಗೂ ಒಂದೇ ನಕ್ಷೆ ಕೊಟ್ಟಿತು. ಗೇಣುದ್ದದ ಒಂದು ಉಕ್ಕಿನ ಪಿನ್ನು. ಯಾವ ವಾಹನಕ್ಕೆ, ಎಲ್ಲಿಗೆ ಎಂದು ಹೇಳಲಿಲ್ಲ. ಅಳತೆಯಲ್ಲಿ ಕೂದಲಿನ ಹತ್ತನೇ ಒಂದು ಪಾಲೂ ಆಚೀಚೆಯಾಗುವಂತಿಲ್ಲ, ಮೈಮೇಲೆ ಒಂದು ಗೀರೂ ಇರುವಂತಿಲ್ಲ. ದಸರಾ ಕಳೆದ ಕೂಡಲೇ ಮೂರು ಮೂರು ನಮೂನೆ ತೆಗೆದುಕೊಂಡು ಬನ್ನಿ, ನಿಮ್ಮ ಜಿಲ್ಲೆಯಿಂದ ಸದ್ಯಕ್ಕೆ ಒಬ್ಬರನ್ನು ತೆಗೆದುಕೊಳ್ಳುತ್ತೇವೆ ಎಂದರು.

ಅಲ್ಲಿಂದ ನನಗೆ ಊಟ ಸೇರಲಿಲ್ಲ. ನನಗೆ ಆ ಪಿನ್ನು ಬೇಕಾಗಿತ್ತು, ಸುಳ್ಳೇಕೆ. ಅಡಿಕೆ ಯಂತ್ರದ ಕೆಲಸ ಸೀಸನ್ ಇದ್ದಷ್ಟು ದಿನ. ಆಮೇಲೆ ಗೋವಿಂದಪ್ಪನೂ ಉಳಿದ ಹುಡುಗರೂ ಪೇಪರ್ ಓದುತ್ತಾ ಕೂರುತ್ತಾರೆ. ಆದರೆ ಅದಕ್ಕಿಂತ ಹೆಚ್ಚಾಗಿ, ಅದು ರುದ್ರೇಶನಿಗೆ ಸಿಗಬಾರದಾಗಿತ್ತು. ಭದ್ರಾವತಿಯಲ್ಲಿ ಏನು ನಡೆಯುತ್ತಿದೆ ಎಂದು ತಿಳಿಯಲು ದಿನಾ ಸುಮಾಳ ಕೈಲಿ ತಂಗಿಗೆ ಫೋನ್ ಮಾಡಿಸುತ್ತಿದ್ದೆ.

"ಏನಂತೆ?" ಎಂದು ಕೇಳುತ್ತಿದ್ದೆ.

"ಏನಿಲ್ಲ, ಮಗುಗೆ ನೆಗಡಿಯಂತೆ."

"ಪಿನ್ನು?"

"ಪಿನ್ನಿನ ವಿಷಯ ನಾನ್ಯಾಕೆ ಕೇಳ್ಲಿ? ನೆಟ್ಟಗೆ ನೀವೇ ಫೋನ್ ಮಾಡಿ, ಅವ್ನೇನು ಮುಚ್ಚಿಡೋ ಹುಡುಗ ಅಲ್ಲ."

ಅವಳು ಹೇಳಿದ್ದು ನಿಜ. ಅವನು ಯಾವುದನ್ನೂ ಮುಚ್ಚಿಡುತ್ತಿರಲಿಲ್ಲ. ತಾನೇ ಫೋನ್ ಮಾಡಿ, ಈ ಮಳೆಗೆ ಉಕ್ಕು ಕೈ ತಾಗಿದರೆ ತುಕ್ಕು ಹಿಡಿಯುತ್ತಿದೆ ಅಣ್ಣ, ನಾವು ಹತ್ತಿಯ ಗ್ಲೌಸು ಹಾಕಿಕೊಳ್ಳುತ್ತಿದ್ದೇವೆ, ನೀವೂ ಹಾಕಿಕೊಳ್ಳಿ ಎಂದು ಹೇಳುತ್ತಿದ್ದ. ಅದೂ ನನಗೆ ಸಿಟ್ಟು ಬರಿಸುತ್ತಿತ್ತು. ಗ್ಲೌಸಿನ ವಿಷಯ ಇವನಿಂದ ಕಲಿಯಬೇಕೆ ಎಂದು ಹಾಕಿಕೊಳ್ಳಬಾರದು ಅಂದುಕೊಂಡೆ. ಆಮೇಲೆ ಸದ್ದಿಲ್ಲದೆ ತರಿಸಿದೆ.

ಗೌರಿ ಹಬ್ಬಕ್ಕೆ ಹೆಣ್ಣುಮಕ್ಕಳು ತವರಿಗೆ ಹೋಗುವಾಗ ನಾವಿಬ್ಬರೂ ಹೊಳಲೂರಿಗೆ ಹೋದೆವು. ಮಾವ ನಿವೃತ್ತ ಮೇಷ್ಟ್ರು. ಬೀದಿಯಲ್ಲಿ ಹೋಗುವವರನ್ನೆಲ್ಲ ಕರೆದು, "ನಮ್ಮ ಅಳಿಯಂದಿರು ಮಿಲಿಟರಿಗೆ ಸಾಮಾನು ಮಾಡ್ತಾರೆ" ಎಂದು ಹೇಳುತ್ತಿದ್ದರು. ಅಳಿಯಂದಿರು ಎಂದು ಬಹುವಚನದಲ್ಲೇ ಹೇಳಿದರೂ ಕೈ ಮಾತ್ರ ರುದ್ರೇಶನ ಹೆಗಲ ಮೇಲಿತ್ತು. ಪಂಕ್ತಿಯಲ್ಲಿ ಅತ್ತೆ ಹೋಳಿಗೆಗೆ ತುಪ್ಪ ಹಿಡಿದು ಬಂದಾಗ ನಾನು ಎಲೆಯ ಮೇಲೆ ಕೈ ಅಡ್ಡ ಇಟ್ಟು, "ರುದ್ರೇಶ್ ಅವರಿಗೆ ಮೊದಲು ಹಾಕಿ. ನೀವು ಹಾಕಿಸಿಕೊಳ್ಳಿ ರುದ್ರೇಶ್" ಎಂದೆ.

ಮದುವೆಯಾದಂದಿನಿಂದ ನಾನು ಅವನನ್ನು ಕರೆದದ್ದು ನೀನು, ಬಾರೋ, ಹೋಗೋ ಎಂದು. ಈಗ ಬಾಯಿಂದ ತಾನಾಗಿ 'ನೀವು' ಬಂದಿತ್ತು. ಕನ್ನಡದಲ್ಲಿ ಒಬ್ಬನನ್ನು ದೂರ ತಳ್ಳಬೇಕೆಂದರೆ ಬೈಯಬೇಕಾಗಿಲ್ಲ, ಮರ್ಯಾದೆ ಕೊಟ್ಟರೆ ಸಾಕು. ರುದ್ರೇಶ ಹೋಳಿಗೆ ಮುರಿಯುವುದನ್ನು ಬಿಟ್ಟು, "ಯಾಕಣ್ಣ ನೀವು ಅಂತೀರ, ನಾನೇನು ತಪ್ಪು ಮಾಡ್ದೆ?" ಎಂದ. ಸುಮಾ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ನಾನು, ಮಿಲಿಟರಿಯವರಿಗೆ ಗೌರವ ಕೊಡಬೇಕಲ್ಲ ಎಂದು ತೇಲಿಸಿದೆ.

ಮಹಾನವಮಿಯ ಹೊತ್ತಿಗೆ ನನ್ನ ಮೂರು ಪಿನ್ನು ಸಿದ್ಧವಾಗಿದ್ದವು. ಗೋವಿಂದಪ್ಪನೂ ನಾನೂ ಉಸಿರು ಬಿಗಿಹಿಡಿದು ಮಾಡಿದ ಕೆಲಸ. ಉಕ್ಕನ್ನು ಕಾಸಿ ಹದ ಕೊಡಿಸಲು ಬೆಂಗಳೂರಿಗೆ ಕಳಿಸಿ ತರಿಸಿ, ಗ್ರೈಂಡಿಂಗ್ ಮಾಡಿ, ಒರೆಸಿ, ಎಣ್ಣೆ ಸವರಿ ಬೀರುವಿನಲ್ಲಿ ಇಟ್ಟಿದ್ದೆ. ಅವುಗಳಲ್ಲಿ ಮುಖ ಕಾಣುತ್ತಿತ್ತು. ಇಪ್ಪತ್ತು ವರ್ಷ ಅಡಿಕೆ ಯಂತ್ರಕ್ಕೆ 'ನಡೆಯುತ್ತೆ ಬಿಡಿ' ಎಂದು ಕೊಟ್ಟ ಕೈಯಿಂದ ಅಂಥದ್ದು ಹೊರಬರುತ್ತದೆ ಎಂದು ನನಗೇ ಗೊತ್ತಿರಲಿಲ್ಲ. ಗೆದ್ದೆ ಎಂದುಕೊಂಡೆ.

ಆಯುಧಪೂಜೆಯ ಬೆಳಿಗ್ಗೆ ಸುಮಾ ತಂಗಿಯ ಜೊತೆ ಮಾತಾಡಿ ಫೋನ್ ಇಟ್ಟು, "ರುದ್ರೇಶ ಪುರೋಹಿತರನ್ನ ಕರೆಸಿದಾನಂತೆ. ಪಿನ್ನುಗಳನ್ನ ದೇವಿ ಮುಂದೆ ಇಟ್ಟು ಪೂಜೆಯಂತೆ" ಎಂದಳು. ನನ್ನ ಪಿನ್ನುಗಳು ಬೀರುವಿನ ಕತ್ತಲಲ್ಲಿ ಕೂತಿವೆ, ಅವನವು ದೇವಿಯ ಮುಂದೆ ಕೂತಿವೆ. ಅಳತೆಯಲ್ಲಿ ಸಮ ಬಂದರೆ ದೇವಿ ಯಾರ ಕಡೆ? ನಾನು ಕೂಡಲೇ ಬಜಾರಿಗೆ ಹೋಗಿ ಚೆಂಡುಹೂವು, ಬಾಳೆಕಂದು, ಬೂದುಗುಂಬಳ, ಒಂದು ಚೀಲ ನಿಂಬೆಹಣ್ಣು ತಂದೆ. ಪುರೋಹಿತರು ಯಾರೂ ಖಾಲಿ ಇರಲಿಲ್ಲ, ನಾನೇ ಮಡಿಯಲ್ಲಿ ಕೂತೆ. ಲೇತುಗಳಿಗೆಲ್ಲ ವಿಭೂತಿ ಎಳೆದು ಹೂವು ಮುಡಿಸಿದೆವು. ಮೂರು ಪಿನ್ನುಗಳನ್ನು ಬೆಳ್ಳಿ ತಟ್ಟೆಯಲ್ಲಿ ಮಲಗಿಸಿ, ಅರಿಶಿನ ಕುಂಕುಮ ಹಚ್ಚಿ, ದೃಷ್ಟಿ ತಾಗದಿರಲೆಂದು ಪ್ರತಿಯೊಂದರ ಮೇಲೂ ಕುಂಕುಮ ತುಂಬಿದ ಅರ್ಧ ನಿಂಬೆಹಣ್ಣು ಕವುಚಿ ಇಟ್ಟೆ. ಯಾರ ದೃಷ್ಟಿ ಎಂದು ಬೇರೆ ಹೇಳಬೇಕಾಗಿಲ್ಲ.

ಪೂಜೆಗೆ ಇಟ್ಟದ್ದನ್ನು ಮರುದಿನ ವಿಜಯದಶಮಿಯವರೆಗೆ ಮುಟ್ಟುವಂತಿಲ್ಲ. ನಮ್ಮಲ್ಲಿ ಸ್ಪ್ಯಾನರ್ ಕೂಡ ಅವತ್ತು ಕದಲುವುದಿಲ್ಲ. ಮರುದಿನ ಬೆಳಿಗ್ಗೆ ಮಂಗಳಾರತಿ ಮಾಡಿ ನಿಂಬೆಹಣ್ಣು ಎತ್ತಿದೆ. ಅಡಿಯಲ್ಲಿ ಬೂದುಬಣ್ಣದ ಒಂದು ಅರ್ಧಚಂದ್ರ ಕಂಡಿತು. ಬಟ್ಟೆಯಲ್ಲಿ ಒರೆಸಿದೆ, ಹೋಗಲಿಲ್ಲ. ಎಣ್ಣೆ ಹಾಕಿ ಉಜ್ಜಿದೆ. ಹುಳಿ ಉಕ್ಕನ್ನು ತಿಂದಿತ್ತು. ಮೂರರ ಮೇಲೂ ಒಂದೊಂದು ಚಂದ್ರ. ಗೋವಿಂದಪ್ಪ ಕನ್ನಡಕ ಹಾಕಿಕೊಂಡು ನೋಡಿ ಹೊರಗೆ ಹೋಗಿ ಬೀಡಿ ಹಚ್ಚಿದ. ಕಲೆ ಹೋಗುವಷ್ಟು ಉಜ್ಜಿದರೆ ಅಳತೆ ಹೋಗುತ್ತಿತ್ತು, ಅಳತೆ ಉಳಿಯುವಷ್ಟು ಉಜ್ಜಿದರೆ ಕಲೆ ಉಳಿಯುತ್ತಿತ್ತು. ಹೊಸದು ಮಾಡಲು ಸಮಯವಿರಲಿಲ್ಲ.

ಹಾಗೇ ತೆಗೆದುಕೊಂಡು ಬೆಂಗಳೂರಿಗೆ ಹೋದೆ. ಕಾರಿನಲ್ಲಿ ರುದ್ರೇಶನೂ ಇದ್ದ, ಬೇರೆ ಬೇರೆ ಹೋದರೆ ಹೆಂಗಸರು ಏನೆಂದುಕೊಳ್ಳುತ್ತಾರೆ ಎಂದು. ಪರೀಕ್ಷೆ ಮಾಡಿದವಳು ಚಿಕ್ಕ ವಯಸ್ಸಿನ ಇಂಜಿನಿಯರು. ಇಬ್ಬರ ಪಿನ್ನುಗಳನ್ನೂ ನಮ್ಮ ಎದುರಿಗೇ ಅಳೆದಳು. "ಸಾರ್, ನಿಮ್ಮ ಅಳತೆ ತುಂಬಾ ಚೆನ್ನಾಗಿದೆ. ಇವರದಕ್ಕಿಂತ ನಿಮ್ಮದೇ ಬಿಗಿ ಇದೆ. ಆದ್ರೆ ಇದೇನು ಗುರುತು?" ಎಂದು ನನ್ನ ಕಡೆ ತಿರುಗಿದಳು.

"ಪೂಜೆ ಮಾಡಿದ್ವಿ ಮೇಡಂ" ಎಂದೆ.

ಅವಳು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿರುತ್ತಿತ್ತು. "ನಮ್ಮನೇಲೂ ಮಾಡ್ತಾರೆ ಸಾರ್. ಆದ್ರೆ ಇಲ್ಲಿಂದಾನೇ ಬಿರುಕು ಶುರುವಾಗಬಹುದು, ತಗೊಳೋ ಹಾಗಿಲ್ಲ" ಎಂದಳು. ಆಗ ರುದ್ರೇಶ ಬಾಯಿ ಹಾಕಿದ. "ಮೇಡಂ, ಅವರು ನನಗಿಂತ ದೊಡ್ಡ ಕೆಲಸಗಾರರು. ಇನ್ನೊಂದು ಅವಕಾಶ ಕೊಡಿ. ನಂದು ಬೇಕಾದ್ರೆ ಆಮೇಲೆ ನೋಡಿ" ಎಂದ. ಅವನು ಸುಮ್ಮನಿದ್ದಿದ್ದರೆ ನಾನು ಸೋತು ಮಾತ್ರ ಬರುತ್ತಿದ್ದೆ. ಅವಳು, ದಿನಾಂಕ ನಮ್ಮ ಕೈಲಿಲ್ಲ ಸಾರ್ ಎಂದು ಅವನ ಪಿನ್ನುಗಳಿಗೆ ಹಸಿರು ಚೀಟಿ ಅಂಟಿಸಿದಳು.

ತಿಪಟೂರಿನಲ್ಲಿ ಕಾಫಿಗೆ ನಿಲ್ಲಿಸಿದಾಗ ತಡೆಯಲಾಗದೆ ಕೇಳಿದೆ: "ನೀನೂ ಪೂಜೆಗೆ ಇಟ್ಟಿದ್ದೆ ತಾನೆ?"

"ಇಟ್ಟಿದ್ದೆ ಅಣ್ಣ. ಡಬ್ಬಿಗೆ ಕುಂಕುಮ ಹಚ್ಚಿದ್ವಿ. ಪಿನ್ನು ಒಳಗಿತ್ತು."

"ಡಬ್ಬಿಗೆ ಮಾಡಿದ್ರೆ ಅದೆಂಥ ಪೂಜೆ?"

"ದೇವಿಗೆ ಡಬ್ಬಿ ಒಳಗಿರೋದೂ ಕಾಣುತ್ತಲ್ಲ ಅಣ್ಣ" ಎಂದ. ಕೊಂಕಿರಲಿಲ್ಲ. ಇದ್ದಿದ್ದರೆ ಉತ್ತರ ಕೊಡುತ್ತಿದ್ದೆ.

ಆಮೇಲಿನದೆಲ್ಲ ನಾನು ಅಂದುಕೊಂಡ ಹಾಗೇ ನಡೆಯಿತು, ಅಂದರೆ ಕೆಟ್ಟದಾಗಿ. ದೀಪಾವಳಿಗೆ ಅತ್ತೆ ತುಪ್ಪದ ಮಿಳ್ಳೆ ಹಿಡಿದು ನೇರ ರುದ್ರೇಶನ ಎಲೆಗೆ ಹೋದರು, ಆಮೇಲೆ ನನ್ನದು ನೆನಪಾಗಿ ಎರಡು ಮಿಳ್ಳೆ ಹಾಕಿದರು. ಆ ಎರಡನೆಯ ಮಿಳ್ಳೆ ನನ್ನನ್ನು ಹೆಚ್ಚು ಚುಚ್ಚಿತು. ಚಳಿಗಾಲದಲ್ಲಿ ಸರ್ಕಾರದ ನೆರವಿನಿಂದ ಅವನ ಹೊಸ ಯಂತ್ರ ಬಂತು. ನಾನು ನೋಡಲು ಹೋಗಬಾರದು ಎಂದುಕೊಂಡಿದ್ದೆ, ಮೊದಲು ಹೋದವನು ನಾನೇ. ಕೆನೆಬಣ್ಣದ ಯಂತ್ರ, ಗಾಜಿನ ಬಾಗಿಲು, ಅಳತೆಗೆಂದೇ ತಣ್ಣಗಿನ ಒಂದು ಕೋಣೆ. ಹೊರಗೆ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು. ನನ್ನ ಕಾಲುಚೀಲ ಹರಿದಿತ್ತು. ಯಂತ್ರ ಹೇಗಿದೆ ಎಂದು ಅವನು ಕೇಳಿದಾಗ, ಸದ್ದು ಸ್ವಲ್ಪ ಜಾಸ್ತಿ ಎಂದೆ. ಅದು ಸದ್ದೇ ಮಾಡುತ್ತಿರಲಿಲ್ಲ.

ಅಡಿಕೆ ಸೀಸನ್ ಮುಗಿಯಿತು. ನನ್ನ ಷೆಡ್ಡಿನಲ್ಲಿ ಪೇಪರ್ ಓದುವ ಕಾಲ ಬಂತು. ಒಂದು ಮಧ್ಯಾಹ್ನ ರುದ್ರೇಶ ಬಂದ. ಎಣ್ಣೆಯ ನೆಲದ ಮೇಲೆ ಚಪ್ಪಲಿ ಬಿಡಲು ಜಾಗ ಹುಡುಕಿದ, ಅಭ್ಯಾಸಬಲ. "ಹಾಕ್ಕೊಂಡೇ ಬಾ ಮಾರಾಯ, ಇದು ದೇವಸ್ಥಾನ ಅಲ್ಲ" ಎಂದೆ. ಕೂತು ಟೀ ಕುಡಿದ. ಆಮೇಲೆ ನೆಲ ನೋಡುತ್ತಾ ಹೇಳಿದ: "ಅಣ್ಣ, ಆರ್ಡರು ಜಾಸ್ತಿ ಬಂದಿದೆ. ಫಿನಿಶಿಂಗ್ ನಮ್ಮಲ್ಲಿ ಆಗುತ್ತೆ. ಮೊದಲ ಕೆಲಸ, ಟರ್ನಿಂಗು, ನೀವು ಮಾಡ್ಕೊಡ್ತೀರ? ಬೇರೆಯವರಿಗೆ ಕೊಡೋಕೆ ನನಗೆ ಧೈರ್ಯ ಇಲ್ಲ."

ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ನಾನೇ ಕಾರಿನಲ್ಲಿ ಕರೆದುಕೊಂಡು ಹೋಗಿ ಉಪ್ಪಿಟ್ಟು ತಿನ್ನಿಸಿದವನ ಕೈಕೆಳಗೆ ಕೆಲಸ ಮಾಡಬೇಕೆ? ಬೇಡ ಎನ್ನಲು ಬಾಯಿ ತೆರೆದೆ. ಗೋವಿಂದಪ್ಪ ಪೇಪರ್ ಮಡಿಸಿ ಇಟ್ಟು, ಅರ್ಥವಾಗುವ ಹಾಗೆ ಕೆಮ್ಮಿದ. "ನೋಡೋಣ, ಕಳಿಸು" ಎಂದೆ.

ಅಂದಿನಿಂದ ನಮ್ಮ ಷೆಡ್ಡಿನಿಂದ ವಾರಕ್ಕೊಮ್ಮೆ ಪಿನ್ನುಗಳು ಭದ್ರಾವತಿಗೆ ಹೋಗುತ್ತವೆ. ಕೆಲಸ ನಿಲ್ಲದೆ ನಡೆದಿದೆ, ಮನೆಗೆ ಬಣ್ಣ ಹೊಡೆಸಿದ್ದೇವೆ, ಸುಮಾ ಖುಷಿಯಾಗಿದ್ದಾಳೆ. ಹೊಟ್ಟೆಕಿಚ್ಚು ಮಾತ್ರ ಕಡಿಮೆಯಾಗಿಲ್ಲ. ಅವನು ಫಿನಿಶಿಂಗಿನಲ್ಲಿ ತೆಗೆಯಲೆಂದು ಧಾರಾಳವಾಗಿ ಹೆಚ್ಚಿನ ದಪ್ಪ ಬಿಡಲು ಹೇಳಿದ್ದಾನೆ. ಸುಮಾರಾಗಿ ಮಾಡಿಕೊಟ್ಟರೂ ನಡೆಯುತ್ತದೆ. ಆದರೆ ಅವನಿಗೆ ತಪ್ಪು ಹುಡುಕುವ ಸುಖ ಕೊಡಬಾರದು ಎಂದು ನಾನು ಒಂದೊಂದನ್ನೂ ನಾನೇ ನಿಂತು, ಅವನು ಕೇಳಿದ್ದಕ್ಕಿಂತ ಎಷ್ಟೋ ಬಿಗಿಯಾಗಿ ಮಾಡಿಸುತ್ತೇನೆ. ಗೋವಿಂದಪ್ಪ ಗೊಣಗುತ್ತಾನೆ. ಗೊಣಗಲಿ. ಒಂದರ ಪಕ್ಕ ಒಂದು ಇಟ್ಟರೆ ಯಾವುದು ಯಾವುದೆಂದು ಹೆತ್ತ ತಾಯಿಗೂ ಗೊತ್ತಾಗುವುದಿಲ್ಲ. ಆ ಯಂತ್ರವಿಲ್ಲದೆ, ಆ ತಣ್ಣನೆಯ ಕೋಣೆಯಿಲ್ಲದೆ ಇದನ್ನು ಮಾಡಿದ್ದೇನೆ ಎಂದು ಒಬ್ಬನಿಗೆ ಗೊತ್ತಾಗಬೇಕು, ಆ ಒಬ್ಬ ಅವನೇ ಆಗಬೇಕು.

ಪೂಜೆ ಮುಗಿದ ಮೇಲೆ ನಿನ್ನೆ ಮಾಲು ಕೊಡಲು ಮೊದಲ ಸಲ ನಾನೇ ಭದ್ರಾವತಿಗೆ ಹೋಗಿದ್ದೆ. ಅವನ ಹುಡುಗರು ಬಂದ ಸಾಮಾನನ್ನೆಲ್ಲ ಮೇಜಿನ ಮೇಲೆ ಸಾಲಾಗಿಟ್ಟು ಅಳೆಯುತ್ತಿದ್ದರು. ಪೀಣ್ಯದಿಂದ ಬಂದದ್ದನ್ನು ಅಳೆದರು, ಹುಬ್ಬಳ್ಳಿಯಿಂದ ಬಂದದ್ದನ್ನು ಅಳೆದರು, ತಮ್ಮದೇ ಷೆಡ್ಡಿನಲ್ಲಿ ಮಾಡಿದ್ದನ್ನೂ ಅಳೆದರು. ನನ್ನ ಪೆಟ್ಟಿಗೆಯ ಸರದಿ ಬಂದಾಗ ಒಬ್ಬ ಮೈಕ್ರೋಮೀಟರು ಎತ್ತಿದ. ನಾನು ಬಾಗಿಲ ಹತ್ತಿರ ಉಸಿರು ಹಿಡಿದು ನಿಂತೆ. ಒಳಗಿನಿಂದ ಬಂದ ರುದ್ರೇಶ ಅವನ ಕೈ ತಡೆದು, "ಅದನ್ನ ಬಿಡು. ಅದು ನಮ್ಮಣ್ಣಂದು, ಅಳೆಯೋದು ಬೇಡ" ಎಂದು ಪೆಟ್ಟಿಗೆಯನ್ನು ಹಾಗೇ ಯಂತ್ರದ ಕಡೆ ಕಳಿಸಿಬಿಟ್ಟ.